ನೆಟ್ಟೈಯನ್ನು ಎಲ್ಲಿ ನಿಲ್ಲಿಸುವುದು

ಆ ವರ್ಷ ನನಗೆ ಒಪ್ಪಿಸಿದ್ದ ಕೆಲಸ ಒಂದೇ. ನೆಟ್ಟೈಯನ್ನು ಮೈದಾನದಲ್ಲಿ ಎಲ್ಲಿ ನಿಲ್ಲಿಸಬೇಕು ಎಂದು ತೀರ್ಮಾನಿಸುವುದು. ನೆಟ್ಟೈ ಎಂದರೆ ತಮಿಳಿನಲ್ಲಿ ಉದ್ದನೆಯವನು. ಚೆನ್ನೈಯ ನಮ್ಮ ಆಸ್ಟ್ರೇಲಿಯನ್ ಫುಟ್‌ಬಾಲ್ ತಂಡದಲ್ಲಿ ಅವನಷ್ಟು ಚೆನ್ನಾಗಿ ಆಡುವವರು ಬೇರೆ ಇರಲಿಲ್ಲ. ರಾಷ್ಟ್ರೀಯ ಪಂದ್ಯಾವಳಿಗೆ ಕೆಲವೇ ವಾರ ಉಳಿದಿದ್ದವು. ಹಿಂದಿನ ವರ್ಷ ಎಲ್ಲಿ ನಿಲ್ಲಿಸಿದರೂ ಗೆಲ್ಲಿಸಿಕೊಡುತ್ತಿದ್ದವನು ಈಗ ಎಲ್ಲಿ ನಿಲ್ಲಿಸಿದರೂ ಏನಾದರೊಂದು ಎಡವಟ್ಟು ಮಾಡುತ್ತಿದ್ದ.

ಈ ಆಟವನ್ನು ನಮ್ಮಲ್ಲಿ ಹೆಚ್ಚು ಜನ ನೋಡಿಲ್ಲ. ಮೊಟ್ಟೆಯಾಕಾರದ ಚೆಂಡು, ಮೊಟ್ಟೆಯಾಕಾರದ ಮೈದಾನ. ಚೆಂಡನ್ನು ಒದೆಯಬಹುದು, ಇಲ್ಲವೇ ಅಂಗೈಯಲ್ಲಿಟ್ಟು ಇನ್ನೊಂದು ಕೈಯ ಮುಷ್ಟಿಯಿಂದ ಗುದ್ದಿ ಪಕ್ಕದವನಿಗೆ ಕೊಡಬಹುದು. ಎಸೆಯುವಂತಿಲ್ಲ. ಒದ್ದ ಚೆಂಡನ್ನು ಗಾಳಿಯಲ್ಲೇ ಹಿಡಿದವನಿಗೆ ಯಾರ ಅಡ್ಡಿಯೂ ಇಲ್ಲದೆ ಒದೆಯುವ ಅವಕಾಶ ಸಿಗುತ್ತದೆ. ಎರಡು ಎತ್ತರದ ಕಂಬಗಳ ನಡುವೆ ಹೋದರೆ ಗೋಲು. ನಾವು ಆಡುವುದು ಒಂಬತ್ತು ಜನರ ಆಟ: ಹಿಂದೆ ಮೂವರು, ನಡುವೆ ಮೂವರು, ಮುಂದೆ ಮೂವರು. ಆಫ್‌ಸೈಡ್ ಎಂಬುದೇ ಇಲ್ಲದ್ದರಿಂದ ಎದುರಾಳಿ ಯಾವ ದಿಕ್ಕಿನಿಂದ ಬೇಕಾದರೂ ಬಂದು ಮೈಮೇಲೆ ಬೀಳಬಹುದು.

ಭಾನುವಾರದ ಬೆಳಿಗ್ಗೆಗಳಲ್ಲಿ ನಮಗೆ ಸಿಗುತ್ತಿದ್ದದ್ದು ಮಣಲಿಯ ಕಾರ್ಖಾನೆಯೊಂದರ ಕ್ರಿಕೆಟ್ ಮೈದಾನ. ನಗರದೊಳಗೆ ಅಷ್ಟು ದೊಡ್ಡ ಜಾಗ ನಮಗೆ ಯಾರೂ ಕೊಡುತ್ತಿರಲಿಲ್ಲ. ಗೋಡೆಯಾಚೆ ಕೊಳವೆಗಳ ಕಾಡು, ಅದರ ಮೇಲೆ ಹಗಲೂ ಉರಿಯುವ ಜ್ವಾಲೆ. ಗಾಳಿ ತಿರುಗಿದಾಗ ಕೊಳೆತ ಮೊಟ್ಟೆಯ ವಾಸನೆ ಬಂದು ಗಂಟಲಿಗೆ ಕೂರುತ್ತಿತ್ತು. ನಾನು ಎಗ್ಮೋರಿನ ಶಾಲೆಯೊಂದರಲ್ಲಿ ವ್ಯಾಯಾಮ ಶಿಕ್ಷಕಿ. ಮೈಸೂರಿನಿಂದ ಮದುವೆಯಾಗಿ ಇಲ್ಲಿಗೆ ಬಂದವಳು. ತಂಡಕ್ಕೆ ಮ್ಯಾನೇಜರ್ ಒಬ್ಬರಿದ್ದರು. ಊರೂರು ಅಲೆದು ಆಟಗಾರರನ್ನು ಕೂಡಿಸಿ, ಈ ಆಟಕ್ಕೆ ಚೆನ್ನೈಯಲ್ಲಿ ಒಂದು ಹೆಸರು ತಂದೇ ತೀರಬೇಕೆಂದು ಹಟ ಹಿಡಿದ ತಮಿಳರು. ಯಾರನ್ನು ಎಲ್ಲಿ ಆಡಿಸಬೇಕು ಎಂಬುದನ್ನು ಮಾತ್ರ ನನಗೆ ಬಿಟ್ಟಿದ್ದರು.

ನೆಟ್ಟೈ ಕನ್ನಡದವನೇ. ಅವನ ಮನೆತನ ಮದರಾಸಿಗೆ ಬಂದು ತಲೆಮಾರುಗಳೇ ಆಗಿದ್ದವು. ತಿರುವಲ್ಲಿಕ್ಕೇಣಿಯಲ್ಲಿ ಮನೆ, ಮಣಲಿಯ ಒಂದು ಕಾರ್ಖಾನೆಯಲ್ಲಿ ಇನ್‌ಸ್ಟ್ರುಮೆಂಟ್ ಎಂಜಿನಿಯರ್ ಕೆಲಸ. ನಾನು ಕನ್ನಡದಲ್ಲಿ ಕೇಳಿದರೆ ಅರ್ಧ ತಮಿಳಿನಲ್ಲಿ ಉತ್ತರಿಸುತ್ತಿದ್ದ. ತಂದೆ ತೀರಿಕೊಂಡಿದ್ದರು, ಮನೆಯಲ್ಲಿ ತಾಯಿ ಮಗ ಇಬ್ಬರೇ. ಅವನ ಕೈಗಳ ಬಗ್ಗೆ ಇಡೀ ತಂಡ ಮಾತಾಡುತ್ತಿತ್ತು. ಚೆಂಡು ಆ ಅಂಗೈಗಳೊಳಗೆ ಹೋದರೆ ತೆಂಗಿನಕಾಯಿ ಗೂಡಿನಲ್ಲಿಟ್ಟಂತೆ ಕೂತುಬಿಡುತ್ತಿತ್ತು.

ಮೊದಲು ಅವನನ್ನು ಆಡಿಸುತ್ತಿದ್ದದ್ದು ನಡುವೆ. ಅಂಪೈರ್ ಚೆಂಡನ್ನು ಮೇಲಕ್ಕೆ ಎಸೆದಾಗ ಎರಡೂ ಕಡೆಯ ಉದ್ದನೆಯವರು ಹಾರಿ ಅದನ್ನು ತಮ್ಮವರತ್ತ ತಟ್ಟಬೇಕು. ಹಾರುವುದರಲ್ಲಿ ಅವನಿಗೆ ಯಾರೂ ಸಾಟಿಯಿರಲಿಲ್ಲ. ತೊಂದರೆ ಕಾಣಿಸಿಕೊಳ್ಳುತ್ತಿದ್ದದ್ದು ನೆಲಕ್ಕೆ ಇಳಿದ ಮೇಲೆ. ಪಕ್ಕದಲ್ಲೇ ಓಡುತ್ತಿದ್ದ ನಮ್ಮವನು ಚೆಂಡು ಗುದ್ದಿ ಕೊಟ್ಟರೆ ಅದು ಅವನ ಪಕ್ಕೆಗೆ ಬಡಿದು ಬೀಳುತ್ತಿತ್ತು. ಎದುರಾಳಿ ಬದಿಯಿಂದ ಬಂದರೆ ತಪ್ಪಿಸಿಕೊಳ್ಳುವ ಸಣ್ಣ ಪ್ರಯತ್ನವೂ ಇಲ್ಲದೆ ಮರ ಉರುಳಿದಂತೆ ಬೀಳುತ್ತಿದ್ದ. ಎದ್ದು ನಗುತ್ತಿದ್ದ. "ಗವನಿಕ್ಕಲೆ ಮೇಡಂ, ಸಾರಿ" ಎನ್ನುತ್ತಿದ್ದ. ಗಮನಿಸಲಿಲ್ಲ ಎಂದು.

"ಹೆಡ್‌ವೆಯಿಟ್" ಎಂದರು ಮ್ಯಾನೇಜರ್. ಇಲ್ಲಿನವರು ಅಹಂಕಾರಕ್ಕೆ ಹೇಳುವ ಮಾತು. "ಸ್ಟಾರ್ ಆದ ಮೇಲೆ ಪಕ್ಕದವನನ್ನು ಯಾಕೆ ನೋಡಬೇಕು? ಎಲ್ಲರೂ ತನ್ನನ್ನೇ ನೋಡಲಿ ಅಂತ."

ನನಗೂ ಸ್ವಲ್ಪ ಹಾಗೇ ಅನ್ನಿಸಿತ್ತು. ಜೊತೆಗೆ ಅವನು ಬೇಗ ದಣಿಯುತ್ತಿದ್ದ, ವಿಪರೀತ ಬೆವರುತ್ತಿದ್ದ, ನೀರು ಕುಡಿಯಲು ಬಿಟ್ಟಾಗೆಲ್ಲ ಹಣೆ ಒತ್ತಿಕೊಂಡು ಕೂರುತ್ತಿದ್ದ. ನಡುವಿನ ಆಟ ಇವನಿಗೆ ಭಾರವಾಗಿದೆ ಎಂದುಕೊಂಡು ಹಿಂದಕ್ಕೆ ಕಳಿಸಿದೆ. ಹಿಂದಿನ ಸಾಲಿನವನಿಗೆ ಇಡೀ ಆಟ ಕಣ್ಣ ಮುಂದೆ ಇರುತ್ತದೆ. ಓಟ ಕಡಿಮೆ, ಬಂದ ಚೆಂಡನ್ನು ಎತ್ತರದಲ್ಲಿ ತಡೆದರೆ ಸಾಕು. ಆದರೆ ಹಿಂದಿನವನಿಗೆ ಇನ್ನೊಂದು ಕೆಲಸವಿದೆ. ತನಗೆ ಅಂಟಿಕೊಂಡ ಎದುರಾಳಿಯ ಮೇಲೂ ಓರೆಗಣ್ಣಿಡಬೇಕು. ಅಭ್ಯಾಸದಲ್ಲಿ ನಮ್ಮ ಸಣ್ಣ ಆಟಗಾರನೊಬ್ಬನನ್ನು ಅವನ ಎದುರು ಬಿಟ್ಟೆ. ಅವನು ನೆಟ್ಟೈಯ ಮುಂದಿನಿಂದ ಒಂದು ಹೆಜ್ಜೆ ಪಕ್ಕಕ್ಕೆ ಸರಿದ, ಅಷ್ಟೆ. ನೆಟ್ಟೈ ಅವನನ್ನು ಕಳೆದುಕೊಂಡ. ಕತ್ತನ್ನು ಇಡಿಯಾಗಿ ಒಂದು ಕಡೆ ತಿರುಗಿಸಿದ, ಆಮೇಲೆ ಇನ್ನೊಂದು ಕಡೆ. ಸಣ್ಣವನು ಅವನ ಮೊಣಕೈಯ ಬಳಿಯೇ ನಿಂತಿದ್ದ. ಉಳಿದವರು ಜೋರಾಗಿ ನಕ್ಕರು. ಸಣ್ಣವನಿಗೆ ಅದೊಂದು ಆಟವೇ ಆಯಿತು. ಮತ್ತೆ ಮತ್ತೆ ಮಾಡಿದ.

ಮುಂದಿನ ವಾರ ಅಂಚಿನಲ್ಲಿ ನಿಲ್ಲಿಸಿ ನೋಡಿದೆ. ಅಂಚಿನವನಿಗೆ ಒಂದು ಬದಿ ಗೆರೆ ಇರುವುದರಿಂದ ಅಪಾಯ ಇನ್ನೊಂದು ಬದಿಯಿಂದ ಮಾತ್ರ ಎಂಬುದು ನನ್ನ ಲೆಕ್ಕ. ಅವನು ಗೆರೆಯ ಪಕ್ಕ ನೆಟ್ಟಿದ್ದ ಬಾವುಟದ ಕೋಲಿಗೆ ಓಡುವ ವೇಗದಲ್ಲೇ ಭುಜ ಹೊಡೆದುಕೊಂಡು ಬಿದ್ದ. ಆ ಕೋಲಿಗೆ ಕಟ್ಟಿದ್ದದ್ದು ಕಿತ್ತಳೆ ಬಣ್ಣದ ಬಟ್ಟೆ. ಈ ಸಲ ಯಾರೂ ನಗಲಿಲ್ಲ.

ಉಳಿದದ್ದು ಮುಂದಿನ ಸಾಲು, ಅದರಲ್ಲೂ ಗೋಲಿನ ಬಾಯಲ್ಲೇ ನಿಲ್ಲುವ ಜಾಗ. ಬೇರೆ ಊರಿನ ತಂಡವೊಂದು ಅಭ್ಯಾಸ ಪಂದ್ಯಕ್ಕೆ ಬಂದಿತ್ತು. ಅವನನ್ನು ಅಲ್ಲಿ ನಿಲ್ಲಿಸಿ, "ನೀನು ಎಲ್ಲೂ ಓಡಬೇಡ. ಚೆಂಡು ನಿನ್ನ ಹತ್ರಾನೇ ಬರತ್ತೆ. ನೋಡು, ಹಾರು, ಹಿಡಿ, ಅಷ್ಟೇ" ಎಂದೆ. ಉಳಿದವರಿಗೆ ನೇರವಾಗಿ, ಎತ್ತರವಾಗಿ ಒದೆಯಲು ಹೇಳಿದೆ.

ಆ ದಿನ ಅವನು ಆಡಿದ ಹಾಗೆ ಯಾರೂ ಆಡಿದ್ದನ್ನು ನಾನು ಆ ಮೈದಾನದಲ್ಲಿ ಕಂಡಿಲ್ಲ. ಮುಂದಿನಿಂದ ಬಂದ ಒಂದು ಚೆಂಡನ್ನೂ ಬಿಡಲಿಲ್ಲ. ಮೂವರು ಮೈಮೇಲೆ ಬಿದ್ದಾಗಲೂ ಅವರ ತಲೆಗಳ ಮೇಲಿಂದ ಆ ಎರಡು ಕೈಗಳು ಏಳುತ್ತಿದ್ದವು, ಚೆಂಡು ಹೋಗಿ ಅಲ್ಲಿ ಕೂರುತ್ತಿತ್ತು. ಗೋಲುಗಳನ್ನು ಎಣಿಸುವುದನ್ನು ಎದುರಿನವರೇ ಬಿಟ್ಟರು. ಮ್ಯಾನೇಜರ್ ಓಡಿಬಂದು ನನ್ನ ಕೈ ಹಿಡಿದು ಕುಲುಕಿದರು. "ಇದುದಾನ್ ಅವನ್ ಇಡಂ!" ಇದೇ ಅವನ ಜಾಗ. "ಮುಗೀತು ಮೇಡಂ, ನಿಮ್ಮ ಕೆಲಸ ಮುಗೀತು."

ಕೆಲಸ ಮುಗಿದಿತ್ತು, ನನಗೆ ಮಾತ್ರ ಸಮಾಧಾನವಾಗಲಿಲ್ಲ. ಒಬ್ಬ ಆಟಗಾರ ಒಂದು ಜಾಗದಲ್ಲಿ ಚೆನ್ನಾಗಿ ಆಡಿ ಇನ್ನೊಂದರಲ್ಲಿ ಸ್ವಲ್ಪ ಕಡಿಮೆ ಆಡುವುದು ಸಹಜ. ಇವನು ಒಂದರಲ್ಲಿ ದೇವರಂತೆ ಆಡಿ ಉಳಿದೆಲ್ಲದರಲ್ಲಿ ಆಟವೇ ಗೊತ್ತಿಲ್ಲದವನಂತೆ ಆಡುತ್ತಿದ್ದ. ಶಾಲೆಯಲ್ಲಿ ಬಿಡುವಿದ್ದಾಗ, ಫೋನಿನಲ್ಲಿ ಹಿಡಿದಿಟ್ಟಿದ್ದ ವೀಡಿಯೊಗಳನ್ನು ಹಾಕಿಕೊಂಡು ಕೂತೆ. ಅವನ ಕೈತಪ್ಪಿದ ಚೆಂಡುಗಳನ್ನಷ್ಟೇ ನೋಡುತ್ತಾ ಹೋದೆ. ಪ್ರತಿ ಸಲವೂ ತಡೆದು, ಚೆಂಡು ಅವನ ಮುಖಕ್ಕೆ ಯಾವ ಕೋನದಿಂದ ಬರುತ್ತಿದೆ ಎಂದು ಗುರುತಿಸಿದೆ. ಎಡ, ಬಲ, ಬಲ, ಎಡ. ಎದುರಿನಿಂದ ಬಂದದ್ದರಲ್ಲಿ ತಪ್ಪಿದ್ದು ಒಂದೂ ಇರಲಿಲ್ಲ. ಹೆಡ್‌ವೆಯಿಟ್ ಇದ್ದವನು ಎದುರಿನದ್ದನ್ನೂ ಆಗೊಮ್ಮೆ ಈಗೊಮ್ಮೆ ಕೈಬಿಡುತ್ತಾನೆ. ದಣಿದವನೂ ಬಿಡುತ್ತಾನೆ. ಮೈಸೂರಿನ ಟಾಂಗಾ ಕುದುರೆಗಳಿಗೆ ಕಣ್ಣಿನ ಎರಡೂ ಬದಿಗೆ ಚರ್ಮದ ಪಟ್ಟಿ ಕಟ್ಟಿರುತ್ತಾರೆ. ವೀಡಿಯೊದಲ್ಲಿ ಅವನು ಕತ್ತು ತಿರುಗಿಸುತ್ತಿದ್ದ ರೀತಿ ನೋಡನೋಡುತ್ತಾ ನನಗೆ ಆ ಕುದುರೆಗಳ ನೆನಪಾಯಿತು.

ಮುಂದಿನ ಭಾನುವಾರ ಎಲ್ಲರೂ ಬರುವ ಮುಂಚೆ ಅವನನ್ನು ಕರೆಸಿದೆ. ಮ್ಯಾನೇಜರೂ ಇದ್ದರು. ಗೇಟಿನ ಹತ್ತಿರ ನಿಲ್ಲಿಸಿದ್ದ ಅವನ ಬೈಕಿಗೆ ಎರಡೂ ಕಡೆ ಕನ್ನಡಿ ಇರಲಿಲ್ಲ. ಕೇಳಿದೆ.

"ಲಾರಿಕಾರರು ಮೇಡಂ. ಹಾರ್ಬರ್ ರೋಡಲ್ಲಿ ಕಟ್ ಹೊಡೀತಾರೆ. ಒಂದು ಹೋದ ತಿಂಗಳು, ಇನ್ನೊಂದು ಅದಕ್ಕೂ ಮುಂಚೆ."

ಅವನನ್ನು ನನ್ನ ಎದುರು, ಕೈಯಳತೆಯಲ್ಲಿ ನಿಲ್ಲಿಸಿಕೊಂಡೆ. ಕ್ರೀಡಾ ಗಾಯಗಳ ತರಬೇತಿಯೊಂದರಲ್ಲಿ ಕಲಿತಿದ್ದ ಒಂದು ಸರಳ ಪರೀಕ್ಷೆ ಅದು.

"ನನ್ನ ಮೂಗನ್ನೇ ನೋಡ್ತಾ ಇರು. ಕಣ್ಣು ಆಚೀಚೆ ಹೋಗಬಾರ್ದು. ಬೆರಳು ಆಡೋದು ಕಂಡ ತಕ್ಷಣ ಹೇಳು."

"ಏನ್ ಮೇಡಂ, ಯೋಗಾ ಕ್ಲಾಸಾ?" ನಕ್ಕ. ಆಮೇಲೆ ಶಿಸ್ತಿನಿಂದ ನೋಡುತ್ತಾ ನಿಂತ.

ಎರಡೂ ಕೈಗಳನ್ನು ಪೂರ್ತಿ ಚಾಚಿ ಬೆರಳುಗಳನ್ನು ಆಡಿಸಲು ತೊಡಗಿದೆ. ನನ್ನ ಬೆರಳುಗಳು ನನಗೆ ಚೆನ್ನಾಗಿ ಕಾಣುತ್ತಿದ್ದವು. ಅವನು ಸುಮ್ಮನಿದ್ದ. ಕೈಗಳನ್ನು ನಿಧಾನವಾಗಿ ಒಳಕ್ಕೆ ತಂದೆ. ಅವನು ಸುಮ್ಮನಿದ್ದ. ಬೆರಳುಗಳು ಅವನ ಭುಜಗಳ ನೇರಕ್ಕೆ ಬಂದವು. ಅವನ ಕಣ್ಣು ನನ್ನ ಮೂಗಿನ ಮೇಲೆ ನಿಷ್ಠೆಯಿಂದ ನಿಂತೇ ಇತ್ತು.

"ಸೆರಿ ಮೇಡಂ, ನಾನು ರೆಡಿ" ಎಂದ. "ಶುರು ಮಾಡಿ."

ಮ್ಯಾನೇಜರ್ ನನ್ನ ಬೆರಳುಗಳನ್ನು ನೋಡಿದರು, ಅವನ ಮುಖ ನೋಡಿದರು. ನನ್ನ ಬೆರಳುಗಳು ಅವನ ಕೆನ್ನೆಯ ಹತ್ತಿರಕ್ಕೆ ಬಂದಾಗ ಅವನು ಬೆಚ್ಚಿ ತಲೆ ಹಿಂದಕ್ಕೆಳೆದುಕೊಂಡ. "ಎಲ್ಲಿಂದ ಬಂತು ಇದು?"

ನಾನು ಅವನಿಗೆ ಸುತ್ತಿಬಳಸದೆ ಹೇಳಿದೆ. ಎರಡೂ ಪಕ್ಕಗಳು ನಿನಗೆ ಕಾಣಿಸುತ್ತಿಲ್ಲ, ಯಾಕೆಂದು ನನಗೆ ಗೊತ್ತಿಲ್ಲ, ಇವತ್ತೇ ಡಾಕ್ಟರಿಗೆ ತೋರಿಸಬೇಕು, ಅಲ್ಲಿಯವರೆಗೆ ಆಟ ಬೇಡ. ಅವನು ನಂಬಲಿಲ್ಲ. ಎಲ್ಲರಿಗೂ ಹೀಗೇ ಇರುತ್ತದಲ್ಲ, ನೋಡಿದ ಕಡೆಯಷ್ಟೇ ತಾನೇ ಕಾಣುವುದು ಎಂದ. ಬರಬರುತ್ತಾ ಕಿರಿದಾದದ್ದು ಅವನಿಗೆ ತಿಳಿದೇ ಇರಲಿಲ್ಲ.

ಮ್ಯಾನೇಜರ್ ನನ್ನನ್ನು ಪಕ್ಕಕ್ಕೆ ಕರೆದರು. ಕೆಟ್ಟವರಲ್ಲ ಅವರು. ಆದರೆ ಆ ಪಂದ್ಯಾವಳಿಗಾಗಿ ಮೂರು ವರ್ಷ ಒದ್ದಾಡಿದ್ದರು.

"ಮೇಡಂ, ನೀವೇ ಜಾಗ ಕಂಡುಹಿಡಿದ್ರಿ. ಗೋಲಿನ ಮುಂದೆ ಪಕ್ಕ ನೋಡೋ ಅಗತ್ಯವೇ ಇಲ್ಲ. ಚೆಂಡು ಮುಂದಿನಿಂದ ಬರತ್ತೆ, ಹಿಡೀತಾನೆ. ಪಂದ್ಯ ಮುಗಿದ ಮಾರನೇ ದಿನ ನಾನೇ ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ."

ನೆಟ್ಟೈ ಕೇಳಿಸಿಕೊಂಡು ಹತ್ತಿರ ಬಂದ. "ಹೌದು ಮೇಡಂ. ಅಲ್ಲಿ ನಂಗೆ ಒಂದು ಪ್ರಾಬ್ಲಮ್ಮೂ ಇಲ್ಲೆ. ನೀವೇ ನೋಡಿದ್ರಲ್ಲ?"

ನೋಡಿದ್ದೆ. ಅವರಿಬ್ಬರೂ ಹೇಳಿದ್ದರಲ್ಲಿ ಆಟದ ಮಟ್ಟಿಗೆ ತಪ್ಪಿರಲಿಲ್ಲ. ಅದೇ ನನ್ನನ್ನು ಹೆದರಿಸಿದ್ದು. ಅವನ ಕುರುಡನ್ನು ಮುಚ್ಚಿಡಲು ಮೈದಾನದಲ್ಲಿರುವ ಒಂದೇ ಒಂದು ಜಾಗವನ್ನು ನಾನು ಹುಡುಕಿ ಕೊಟ್ಟಿದ್ದೆ. ಅಲ್ಲಿ ನಿಂತರೆ ಅವನಿಗೆ ಸಿಗುವ ಮೆಚ್ಚುಗೆಯೂ ಬೆಳೆಯುತ್ತಿತ್ತು, ಕಣ್ಣಿನ ಹಿಂದೆ ಇದ್ದದ್ದೇನೋ ಅದೂ ಬೆಳೆಯುತ್ತಿತ್ತು. ಬರುವ ಪೆಟ್ಟು ಕಂಡರೆ ಕತ್ತು ತಾನಾಗಿ ಬಿಗಿಯುತ್ತದೆ. ಕಾಣದ ಪೆಟ್ಟಿಗೆ ಕತ್ತು ಸಡಿಲವಾಗಿಯೇ ಇರುತ್ತದೆ.

"ಇಲ್ಲ" ಎಂದೆ. "ಅವನ ಹೆಸರು ನಾನು ಎಲ್ಲೂ ಹಾಕೋದಿಲ್ಲ. ಹಿಂದೇನೂ ಇಲ್ಲ, ಮುಂದೇನೂ ಇಲ್ಲ. ಬೇಕಾದ್ರೆ ಬೇರೆ ಕೋಚ್ ನೋಡ್ಕೊಳ್ಳಿ."

ನೆಟ್ಟೈಗೆ ಸಿಟ್ಟು ಬಂತು. ಅವನು ಸಿಟ್ಟಾದದ್ದನ್ನು ನಾನು ಅದೇ ಮೊದಲು ನೋಡಿದ್ದು. ಹೆಲ್ಮೆಟ್ ಎತ್ತಿಕೊಂಡು ಗೇಟಿನತ್ತ ಹೊರಟ. ನಾನು ಕೀ ಕೇಳುತ್ತಾ ಹಿಂದೆಯೇ ಹೋದೆ. ಬೈಕು ರಸ್ತೆಯ ಅಂಚಿನಲ್ಲಿತ್ತು. ಅದರ ಆಚೆ ಬದಿಯಿಂದ ಹತ್ತಲೆಂದು ಅವನು ಡಾಂಬರಿಗೆ ಕಾಲಿಟ್ಟ. ಬಲಗಡೆಯಿಂದ ಟ್ಯಾಂಕರ್ ಲಾರಿ ಬರುತ್ತಿತ್ತು. ಹಾರ್ನ್ ಹೊಡೆಯುತ್ತಲೇ ಇತ್ತು, ಆದರೆ ಆ ರಸ್ತೆಯಲ್ಲಿ ಹಾರ್ನ್ ನಿಲ್ಲುವುದೇ ಇಲ್ಲ, ಯಾರೂ ಅದಕ್ಕೆ ಕಿವಿಗೊಡುವುದಿಲ್ಲ. ಅವನ ಅಂಗಿಯನ್ನು ಹಿಂದಿನಿಂದ ಎರಡೂ ಕೈಯಲ್ಲಿ ಹಿಡಿದು ಎಳೆದೆ. ಅಂತಹ ಮೈಯನ್ನು ಹೇಗೆ ಎಳೆದೆನೋ ಗೊತ್ತಿಲ್ಲ. ಇಬ್ಬರೂ ಮಣ್ಣಿಗೆ ಬಿದ್ದೆವು. ಲಾರಿಯ ಚಕ್ರಗಳು ಒಂದರ ಹಿಂದೊಂದು ಮುಖದ ಮುಂದೆಯೇ ಹಾದುಹೋದವು, ಬಿಸಿಗಾಳಿ ಹೊಡೆಯಿತು.

ಅವನು ಬಿದ್ದಲ್ಲೇ ಕೂತು, ಲಾರಿ ಹೋದ ಕಡೆಗಲ್ಲ, ಅದು ಬಂದ ಕಡೆಗೆ ನೋಡುತ್ತಿದ್ದ. ಕತ್ತು ತಿರುಗಿಸಿದ. ಮತ್ತೆ ನೇರ ಮಾಡಿದ. ಮತ್ತೆ ತಿರುಗಿಸಿದ. ಆಮೇಲೆ ಜೇಬಿನಿಂದ ಕೀ ತೆಗೆದು ನನ್ನ ಅಂಗೈಯಲ್ಲಿಟ್ಟ.

ಆಟೋದಲ್ಲಿ ಅವನನ್ನು ಮನೆಗೆ ಕರೆದುಕೊಂಡು ಹೋದೆ. ಅವನ ತಾಯಿ ಬಾಗಿಲಲ್ಲೇ ನಿಂತು ಕೇಳಿಸಿಕೊಂಡರು. ಅವರ ಕನ್ನಡ ತಮಿಳಿನೊಳಗೆ ನೆನೆದ ಹಳೆಯ ಮದರಾಸಿನ ಕನ್ನಡ.

"ತಲೆವಲಿ ತಲೆವಲಿ ಅಂತ ದಿನಾ ಮಾತ್ರೆ ನುಂಗ್ತಾನಮ್ಮ. ಕೇಳಿದ್ರೆ ಬಿಸಿಲು ಅಂತಾನೆ." ಮಗನ ಕೈಯತ್ತ ನೋಡಿ ಮತ್ತೆ ಹೇಳಿದರು: "ಅವರಪ್ಪನ ಉಂಗರ ಹಾಕೊಂಡಿದಾನಲ್ಲ, ಅದನ್ನ ಎರಡು ವಾಟ್ಟಿ ಸೌಕಾರ್‌ಪೇಟೆಗೆ ತಗೊಂಡ್ಹೋಗಿ ಪೆರಿಸು ಮಾಡಿಸ್ದೆ. ಎರಡನೇ ವಾಟ್ಟಿ ಆಚಾರಿ ಕೇಳ್ದ, ಪಿಳ್ಳೆ ಇನ್ನೂ ಬೆಳೀತಾ ಇದಾನಾ ಮಾಮಿ ಅಂತ. ನಾನು ಪೆರುಮೆಯಾಗಿ ಹೌದು ಅಂದೆ."

ಉಂಗುರವನ್ನು ಎರಡು ಸಲ ದೊಡ್ಡದು ಮಾಡಿಸಿದ್ದರಂತೆ; ಮಗ ಇನ್ನೂ ಬೆಳೆಯುತ್ತಿದ್ದಾನಾ ಎಂದು ಕೇಳಿದ್ದಕ್ಕೆ ಹೆಮ್ಮೆಯಿಂದ ಹೌದು ಅಂದೆ ಎಂದರು. ಮಗನಿಗೆ ಆಗಲೇ ಇಪ್ಪತ್ತೇಳು ವರ್ಷ.

ಮಾರನೇ ದಿನ ಎಗ್ಮೋರಿನ ಕಣ್ಣಿನ ಆಸ್ಪತ್ರೆಯೊಂದಕ್ಕೆ ಮೂವರೂ ಹೋದೆವು. ನೋಟದ ವ್ಯಾಪ್ತಿ ಅಳೆಯುವ ಯಂತ್ರದ ಕೋಣೆಯನ್ನು ಕತ್ತಲು ಮಾಡಿರುತ್ತಾರೆ. ಬಿಳಿ ಬಟ್ಟಲಿನಂಥದ್ದರೊಳಗೆ ಮುಖವಿಟ್ಟು, ಅಲ್ಲಲ್ಲಿ ಸಣ್ಣ ಬೆಳಕು ಮಿನುಗಿದಾಗಲೆಲ್ಲ ಕೈಯಲ್ಲಿರುವ ಗುಂಡಿ ಒತ್ತಬೇಕು. ನಾನೂ ಅವನ ತಾಯಿಯೂ ಪರದೆಯ ಈಚೆ ಬೆಂಚಿನಲ್ಲಿ ಕೂತಿದ್ದೆವು. ಅವನಿಗಿಂತ ಮುಂಚೆ ಒಳಗಿದ್ದ ಮುದುಕರು ಟಕ್ ಟಕ್ ಎಂದು ಬಿಡದೆ ಒತ್ತುತ್ತಿದ್ದರು. ಇವನ ಸರದಿ ಬಂದಾಗ ಸದ್ದು ಮೊದಲು ಚೆನ್ನಾಗಿಯೇ ಬಂತು. ಆಮೇಲೆ ನಿಂತಿತು. ಯಂತ್ರದ ಸಣ್ಣ ಗುಂಯ್ ಶಬ್ದವೊಂದೇ. ಬೆಳಕುಗಳು ಒಳಗೆ ಮಿನುಗುತ್ತಲೇ ಇವೆ ಎಂದು ನನಗೆ ಗೊತ್ತಿತ್ತು. ತಾಯಿ ನನ್ನ ಮುಂಗೈ ಹಿಡಿದುಕೊಂಡರು.

"ಮುಗೀತಾಮ್ಮ?"

"ಇನ್ನೂ ಇಲ್ಲ" ಎಂದೆ.

ಡಾಕ್ಟರ್ ವಯಸ್ಸಾದ ಹೆಂಗಸು. ಎರಡೂ ಕಣ್ಣಿನ ಚಿತ್ರಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು. ಎಡಗಣ್ಣಿನ ಎಡ ಭಾಗ ಕಪ್ಪು, ಬಲಗಣ್ಣಿನ ಬಲ ಭಾಗ ಕಪ್ಪು. ಅವರು ಚಿತ್ರಗಳನ್ನು ಬಿಟ್ಟು ಅವನ ಕೈಗಳನ್ನು ನೋಡಿದರು. ಆಮೇಲೆ ದವಡೆಯನ್ನು, ಹಲ್ಲಿನ ಸಂದುಗಳನ್ನು. ಷೂ ಅಳತೆ ಬದಲಾಗಿದೆಯೇ ಎಂದು ಕೇಳಿದರು. ಕಾಲೇಜಿನ ದಿನಗಳ ಫೋಟೊ ಇದ್ದರೆ ತೋರಿಸಿ ಎಂದರು. ತಾಯಿ ಫೋನಿನಲ್ಲಿ ಹುಡುಕಿ ಕೊಟ್ಟರು. ನಾನೂ ಬಾಗಿ ನೋಡಿದೆ. ಸಪೂರ ಮೂಗಿನ, ಕಿರಿದಾದ ಗಲ್ಲದ ಹುಡುಗನೊಬ್ಬ ನಗುತ್ತಿದ್ದ. ದಿನವೂ ನೋಡುವ ತಾಯಿಗೆ ಅದು ಅದೇ ಮುಖ. ನನಗೆ ಅದು ಬೇರೆ ಯಾರೋ.

ಮೆದುಳಿನ ಬುಡದಲ್ಲಿ, ಎರಡು ಕಣ್ಣುಗಳ ನರಗಳು ಒಂದನ್ನೊಂದು ದಾಟುವ ಜಾಗದ ಕೆಳಗೆ, ಬಟಾಣಿ ಕಾಳಿನಷ್ಟು ಒಂದು ಗ್ರಂಥಿ ಇರುತ್ತದೆ. ಅವನಲ್ಲಿ ಅದರ ಮೇಲೊಂದು ಗಡ್ಡೆ ಎದ್ದಿತ್ತು. ಬೆಳವಣಿಗೆಯ ರಸ ಅಲ್ಲಿಂದ ವರ್ಷಗಟ್ಟಲೆ ಮಿತಿಮೀರಿ ಸುರಿದಿತ್ತು. ಕೈ, ಕಾಲು, ದವಡೆ ಎಲ್ಲವನ್ನೂ ಬೆಳೆಸಿದ್ದು ಅದೇ. ಬೆಳೆಯುತ್ತಾ ಮೇಲಕ್ಕೆ ಬಂದು ನರಗಳನ್ನು ಒತ್ತಿದ್ದೂ ಅದೇ. ನಾವು ಚಪ್ಪಾಳೆ ತಟ್ಟಿದ ಆ ಕೈಗಳು ಅವನ ಕಾಯಿಲೆ. ಇದನ್ನು ಡಾಕ್ಟರ್ ಹೇಳಿದಾಗ ನೆಟ್ಟೈ ತನ್ನ ಎರಡೂ ಅಂಗೈಗಳನ್ನು ತೊಡೆಯ ಮೇಲೆ ಮಲಗಿಸಿ ಅವುಗಳನ್ನೇ ನೋಡುತ್ತಾ ಕೂತ. ಇನ್ನೂ ತಡವಾಗಿದ್ದರೆ ನೋಟ ಹಿಂತಿರುಗುವ ಆಸೆಯೇ ಇರುತ್ತಿರಲಿಲ್ಲ, ಈಗಲೂ ಎಷ್ಟು ಬರುತ್ತದೆ ಹೇಳಲಾಗದು ಎಂದರು ಅವರು.

ಪಂದ್ಯಾವಳಿಗೆ ತಂಡ ಅವನಿಲ್ಲದೆ ಹೋಯಿತು. ಗೋಲಿನ ಬಾಯಲ್ಲಿ ಆ ಸಣ್ಣ ಆಟಗಾರನನ್ನು ನಿಲ್ಲಿಸಿದೆ. ಅವನು ಬಡಿದಾಡಿದ, ಸಾಲಲಿಲ್ಲ. ಒಂದು ಪಂದ್ಯವನ್ನೂ ನಾವು ಗೆಲ್ಲಲಿಲ್ಲ. ವಾಪಸು ಬರುವ ರೈಲಿನಲ್ಲಿ ಮ್ಯಾನೇಜರ್ ಬೇರೆ ಬೋಗಿಯಲ್ಲಿ ಕೂತರು. ಆಮೇಲೆ ಶಸ್ತ್ರಚಿಕಿತ್ಸೆಯ ದಿನ ಅವರೇ ರಕ್ತ ಕೊಡುವವರನ್ನು ಕರೆದುಕೊಂಡು ಆಸ್ಪತ್ರೆಗೆ ಬಂದರು. ನನಗೊಂದು ಲೋಟ ಕಾಫಿ ತಂದುಕೊಟ್ಟು ಕಾರಿಡಾರಿನ ಕೊನೆಗೆ ಹೋಗಿ ನಿಂತರು.

ಮೂಗಿನ ಮೂಲಕವೇ ಹೋಗಿ ಗಡ್ಡೆಯನ್ನು ತೆಗೆದರು. ಪೂರ್ತಿ ತೆಗೆಯಲಾಗಲಿಲ್ಲ. ಒಂದು ಚೂರು ರಕ್ತನಾಳಕ್ಕೆ ಸುತ್ತಿಕೊಂಡಿತ್ತು. ಅದನ್ನು ಮುಟ್ಟಿದರೆ ಪ್ರಾಣಕ್ಕೇ ಅಪಾಯ ಎಂದು ಅಲ್ಲೇ ಬಿಟ್ಟರು. ಅದಕ್ಕೆ ತಿಂಗಳು ತಿಂಗಳು ಚುಚ್ಚುಮದ್ದು, ವರ್ಷ ವರ್ಷ ಸ್ಕ್ಯಾನ್. ಬೆಳೆದರೂ ಬೆಳೆಯಬಹುದು ಎಂದರು. ಈ ಆಟವನ್ನು ಅವನು ಇನ್ನು ಆಡುವಂತಿಲ್ಲ. ಬೈಕನ್ನು ತಾಯಿ ಮಾರಿಬಿಟ್ಟರು.

ಮುಂದಿನ ತಪಾಸಣೆಗೆ ಅವರ ಜೊತೆ ನಾನೂ ಹೋಗಿದ್ದೆ. ಎಡಗಡೆಯ ನೋಟ ಬಹುಪಾಲು ಹಿಂತಿರುಗಿತ್ತು. ಬಲಗಡೆಯದು ಅಷ್ಟಾಗಿ ಇಲ್ಲ, ಇನ್ನು ಬರುವುದೂ ಅನುಮಾನ. ಆಸ್ಪತ್ರೆಯಿಂದ ಹೊರಬಂದು ಸ್ಟೇಷನ್ ಕಡೆಗೆ ನಡೆಯುತ್ತಿದ್ದೆವು. ಪಾದಚಾರಿ ದಾರಿಯ ತುಂಬ ಪೆಟ್ಟಿಗೆ ಹೊತ್ತ ಜನ. ತಾಯಿ ಅವನ ಬಲತೋಳು ಹಿಡಿದುಕೊಂಡು, ರಾತ್ರಿಯ ಅಡಿಗೆಯ ಬಗ್ಗೆ ಏನೋ ಹೇಳುತ್ತಾ ಬರುತ್ತಿದ್ದರು. ಅವನು ನಿಂತ.

"ಅಮ್ಮ, ಈ ಕಡೆ ಬಾ. ಆ ಕಡೆ ಇದ್ರೆ ನೀನು ಮಾತಾಡೋದು ಕೇಳ್ಸತ್ತೆ, ಮುಟ್ಟಿದ್ದೂ ಗೊತ್ತಾಗತ್ತೆ. ಆದ್ರೂ ನೀನು ಇಲ್ಲ ಅನ್ಸತ್ತೆ."

ತಾಯಿ ಮಗನ ತೋಳು ಬಿಟ್ಟು ಅವನ ಬೆನ್ನ ಹಿಂದಿನಿಂದ ಬಳಸಿಕೊಂಡು ಎಡಗಡೆಗೆ ಹೊರಟರು. ಜನ ಅಡ್ಡ ಬಂದರು, ಒಂದು ಕ್ಷಣ ತಡವಾಯಿತು. ಅಷ್ಟು ಹೊತ್ತೂ ಅವನು ಕತ್ತು ತಿರುಗಿಸದೆ, ನೇರ ಎದುರಿಗೆ ನೋಡುತ್ತಾ, ಎಡಗೈಯನ್ನು ಸ್ವಲ್ಪ ಮುಂದೆ ಚಾಚಿಕೊಂಡು ಕಾದು ನಿಂತಿದ್ದ.